ಕಪ್ಪು ಪೆನ್ಸಿಲ್ ಪಕ್ಕಕ್ಕಿಡಿ, ಗೊರವಂಕ ಬಿಡಿಸೋಣ

[ಪರದೆ: ಬಿಳಿ ಹಾಳೆ, ಪಕ್ಕದಲ್ಲಿ 12 ಬಣ್ಣದ ಪೆನ್ಸಿಲ್ ಬಾಕ್ಸ್. ಅದರಿಂದ ಕಪ್ಪು ಪೆನ್ಸಿಲ್ ಒಂದನ್ನು ತೆಗೆದು ದೂರ ಇಡುವುದು.]

ನಮಸ್ಕಾರ. ಇವತ್ತು ಗೊರವಂಕ ಬಿಡಿಸೋಣ. ಅದೇ, ಮೈನಾ. ಟೆರೇಸ್ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ, ಮೇಯುವ ದನದ ಹಿಂದೆ ಹಿಂದೆ, ಎಲ್ಲಿ ನೋಡಿದರೂ ಇರುತ್ತದೆ. ಶಾಲೆ ಬಿಟ್ಟ ಮೇಲೆ ಬಣ್ಣದ ಪೆನ್ಸಿಲ್ ಮುಟ್ಟೇ ಇಲ್ಲ ಅನ್ನುವವರಿಗಾಗಿಯೇ ಈ ವಿಡಿಯೋ.

ಹಕ್ಕಿ ಬಿಡಿಸಬೇಕು ಅಂತ ಹೊರಟವರು ಮೊದಲು ನವಿಲಿಗೋ ಮಿಂಚುಳ್ಳಿಗೋ ಕೈ ಹಾಕುತ್ತಾರೆ. ಬಣ್ಣ ಚೆಂದ ಇದೆಯಲ್ಲ, ಅದಕ್ಕೆ. ಆದರೆ ಆ ನೀಲಿ ಕಷ್ಟದ್ದು. ಮಿಂಚುಳ್ಳಿಯ ಗರಿಯಲ್ಲಿ ನೀಲಿ ಬಣ್ಣದ ಪದಾರ್ಥವೇ ಇಲ್ಲ. ಗರಿಯೊಳಗಿನ ಅತಿ ಸಣ್ಣ ರಚನೆ ಬೆಳಕನ್ನು ಚದುರಿಸುವುದರಿಂದ ನಮಗೆ ನೀಲಿ ಕಾಣುತ್ತದೆ. ಬೆಳಕು ಬದಲಾದರೆ ಅದೂ ಬದಲಾಗುತ್ತದೆ. ಅದು ಆಮೇಲಿರಲಿ. ಗೊರವಂಕಕ್ಕೆ ಕಂದು, ಕಪ್ಪು, ಹಳದಿ, ಒಂಚೂರು ಬಿಳಿ. 12 ಪೆನ್ಸಿಲ್ ಧಾರಾಳ ಸಾಕು.

ದುಡ್ಡು ಹಾಕುವುದಾದರೆ ಹಾಳೆಗೆ ಹಾಕಿ. ಪ್ರಿಂಟರಿನ ಹಾಳೆ ಸಾಮಾನ್ಯವಾಗಿ 70–80 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಹಾಳೆ ಅಷ್ಟು ಗ್ರಾಂ ತೂಗುತ್ತದೆ. ಪದರದ ಮೇಲೆ ಪದರ ಹಚ್ಚಿದರೆ ತಡೆಯುವುದಿಲ್ಲ. 150ಕ್ಕಿಂತ ಜಾಸ್ತಿ ಇರುವ ಡ್ರಾಯಿಂಗ್ ಹಾಳೆ ತಗೊಳ್ಳಿ. ಅದನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ.

[ಪರದೆ: ಹಾಳೆಯ ಮೇಲ್ಮೈ, ತೀರ ಹತ್ತಿರದಿಂದ]

ಸಣ್ಣ ಸಣ್ಣ ಉಬ್ಬು ತಗ್ಗು ಕಾಣುತ್ತವೆ, ಅಲ್ವಾ? ಬಣ್ಣ ಹಿಡಿಯುವುದು ಇಲ್ಲಿ. ಜೋರಾಗಿ ಒತ್ತಿದರೆ ಪೆನ್ಸಿಲಿನ ಮೇಣ ಆ ತಗ್ಗುಗಳನ್ನೆಲ್ಲ ಒಂದೇ ಸಲಕ್ಕೆ ಮುಚ್ಚಿಬಿಡುತ್ತದೆ. ಆಮೇಲೆ ಏನು ಹಚ್ಚಿದರೂ ಜಾರುತ್ತದೆ. ದೊಡ್ಡವರ ಕೈ ಬರೆದು ಬರೆದು ಪಳಗಿದೆ. ಗೆರೆಯ ಮೇಲೆ ಹಿಡಿತ ಆಗಲೇ ಇದೆ. ಬೇಗ ಮುಗಿಸುವ ಆತುರವೂ ಇದೆ, ಅದಕ್ಕೇ ಒತ್ತುತ್ತೇವೆ. ಪೆನ್ಸಿಲನ್ನು ತುದಿಯಿಂದ ಸ್ವಲ್ಪ ಹಿಂದಕ್ಕೆ ಹಿಡಿಯಿರಿ, ಒತ್ತಡ ತಾನಾಗಿ ಇಳಿಯುತ್ತದೆ.

ಈಗ ಆಕಾರ. ಹಕ್ಕಿ ಎಷ್ಟು ವಾಲಿ ನಿಂತಿದೆ ಅನ್ನುವುದಕ್ಕೆ ಮೊದಲು ಒಂದು ಓರೆ ಗೆರೆ. ಅದರ ಮೇಲೆ ಮೈಗೊಂದು ಮೊಟ್ಟೆಯಾಕಾರ, ತಲೆಗೊಂದು ವೃತ್ತ. ಕೊಕ್ಕಿನ ಎರಡು ಭಾಗ ಸೇರುವ ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಕಣ್ಣಿನ ಸ್ವಲ್ಪ ಕೆಳಗೆ ಹಾದುಹೋಗಬೇಕು. ಕಣ್ಣು ಜಾಗ ತಪ್ಪಿದರೆ ಬಣ್ಣ ಎಷ್ಟು ಚೆನ್ನಾಗಿದ್ದರೂ ಗೊರವಂಕ ಅನ್ನಿಸುವುದಿಲ್ಲ. ಕಾಲಿನ ವಿಷಯ ಒಂದೇ ಮಾತು: ಹಿಂದಕ್ಕೆ ಬಗ್ಗಿದ ಹಾಗೆ ಕಾಣುವ ಆ ಗಂಟು ಮೊಣಕಾಲಲ್ಲ, ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ, ಗರಿಯೊಳಗೆ ಅಡಗಿದೆ.

ಬಣ್ಣ ಶುರು ಮಾಡುವ ಮೊದಲು ಸೀಸದ ಪೆನ್ಸಿಲಿನ ಗೆರೆಗಳನ್ನು ರಬ್ಬರಿನಿಂದ ಒತ್ತಿ ಒತ್ತಿ ಮಸುಕು ಮಾಡಿ, ಕಂಡೂ ಕಾಣದಷ್ಟು. ಹಳದಿಯ ಕೆಳಗೆ ಸೀಸ ಸಿಕ್ಕಿಕೊಂಡರೆ ಆಮೇಲೆ ಅಳಿಸಲು ಬರುವುದಿಲ್ಲ, ಕೊಕ್ಕೆಲ್ಲ ಕೊಳೆಯಾಗಿ ಕಾಣುತ್ತದೆ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಹಾಗಾಗಿ ಕೊಕ್ಕು, ಕಾಲು, ಕಣ್ಣಿನ ಕೆಳಗೆ ಮತ್ತು ಹಿಂದೆ ಗರಿಯಿಲ್ಲದ ಚರ್ಮದ ಪಟ್ಟೆ, ಈ ಮೂರಕ್ಕೂ ಹಳದಿ. ನೆರಳಿಗೆ ಕಿತ್ತಳೆ, ಅದರ ಮೇಲೆ ತೆಳುವಾಗಿ ಕಂದು. ಹಳದಿಯ ಮೇಲೆ ಕಪ್ಪು ಹಚ್ಚಬೇಡಿ, ಹಸಿರಿಗೆ ತಿರುಗುತ್ತದೆ.

[ಪರದೆ: ತಲೆ ಭಾಗ ಮಾತ್ರ, ನಿಧಾನವಾಗಿ]

ಇನ್ನು ತಲೆ. ನನಗೆ ಈ ಹಕ್ಕಿಯಲ್ಲಿ ಅತಿ ಇಷ್ಟದ ಭಾಗ. ಕಪ್ಪು ತಾನೇ, ಕಪ್ಪು ಪೆನ್ಸಿಲಿನಿಂದ ತುಂಬಿಬಿಡೋಣ ಅನ್ನಿಸುತ್ತದೆ. ಹಾಗೆ ತುಂಬಿದರೆ ತಲೆ ಚಪ್ಪಟೆ. ಫೋನಿನಲ್ಲಿ ತೆಗೆದ ಫೋಟೋದಲ್ಲೂ ಎಷ್ಟೋ ಸಲ ಹಾಗೇ ಬರುತ್ತದೆ. ಅದಕ್ಕೆ, ಫೋಟೋ ಇಟ್ಟುಕೊಂಡು ಬಿಡಿಸಿದರೂ ಒಮ್ಮೆ ಬಿಸಿಲಲ್ಲಿ ನಿಂತ ಹಕ್ಕಿಯನ್ನೇ ಗಮನಿಸಿ. ನೆತ್ತಿಯ ಮೇಲೆ ಹೊಳಪಿದೆ, ಆ ಹೊಳಪಿನ ಸುತ್ತ ನೀಲಿ ಛಾಯೆ ಇದೆ. ಕತ್ತಿನ ಕೆಳಗೆ ಕಪ್ಪು ಮೆಲ್ಲಗೆ ಕಂದಿಗೆ ಕರಗುತ್ತದೆ.

ನೆತ್ತಿಯ ಹೊಳಪಿಗೆ ಹಾಳೆಯ ಬಿಳಿಯನ್ನೇ ಬಿಡಿ. ಉಳಿದ ಕಡೆ ಮೊದಲು ಗಾಢ ನೀಲಿ, ತೀರ ಹಗುರವಾಗಿ. ಅದರ ಮೇಲೆ ಕಂದು. ಮತ್ತೆ ನೀಲಿ, ಮತ್ತೆ ಕಂದು. ನಾಲ್ಕೈದು ಪದರ ಆಗುವ ಹೊತ್ತಿಗೆ ಕಪ್ಪು ತಾನಾಗಿ ಹುಟ್ಟುತ್ತದೆ, ನೋಡ್ತಾ ನೋಡ್ತಾ. ಪ್ರತಿ ಗೆರೆಯೂ ಗರಿ ಮಲಗಿದ ದಿಕ್ಕಿನಲ್ಲೇ ಹೋಗಲಿ, ಕೊಕ್ಕಿನಿಂದ ಹಿಂದಕ್ಕೆ. ಕೊಕ್ಕಿನ ಬುಡದಲ್ಲಿ ಗೆರೆ ತೀರ ಗಿಡ್ಡ, ಕತ್ತಿನ ಕಡೆಗೆ ಉದ್ದ. ದೂರ ಇಟ್ಟ ಕಪ್ಪು ಪೆನ್ಸಿಲನ್ನು ಈಗ ತನ್ನಿ. ಚೆನ್ನಾಗಿ ಚೂಪು ಮಾಡಿ, ಕಣ್ಣಿನ ಪಾಪೆಗೆ ಮತ್ತು ಗದ್ದದ ಕೆಳಗಿನ ನೆರಳಿಗೆ ಮಾತ್ರ ಹಚ್ಚಿ. ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆ ಬಿಳಿಯಾಗಿಯೇ ಇರಲಿ.

ಮೈಗೆ ಕಂದು. ರೆಕ್ಕೆಯ ಗರಿಗಳು ಮಂಗಳೂರು ಹೆಂಚಿನ ಹಾಗೆ ಸಾಲಾಗಿ ಒಂದರ ಮೇಲೊಂದು ಕೂತಿರುತ್ತವೆ. ಒಂದೊಂದೇ ಗರಿ ಬಿಡಿಸಲು ಹೋಗಬೇಡಿ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವಲ್ಲಿ ನೆರಳು ಕೊಟ್ಟರೆ ಸಾಕು. ಉದ್ದ ಗರಿಗಳ ತೆಳು ಅಂಚಿಗೆ ಒಂದು ಉಪಾಯ ಇದೆ: ಬಣ್ಣ ಹಚ್ಚುವ ಮೊದಲೇ ಇಂಕು ಮುಗಿದ ಬಾಲ್ ಪೆನ್ನಿನಿಂದ ಹಾಳೆಯ ಮೇಲೆ ಗೆರೆ ಒತ್ತಿ. ಪೆನ್ಸಿಲ್ ಆ ತಗ್ಗಿಗೆ ಇಳಿಯುವುದಿಲ್ಲ, ಬಿಳಿ ಗೆರೆ ಹಾಗೇ ಉಳಿಯುತ್ತದೆ. ಕೈ ಕೆಳಗೊಂದು ಕಾಗದದ ತುಂಡು ಇಟ್ಟುಕೊಳ್ಳಿ, ಬಣ್ಣ ಒರೆಸಿಹೋಗುವುದಿಲ್ಲ.

ಬಾಲದ ತುದಿ ಬಿಳಿ, ಬಾಲದ ಕೆಳಗೂ ಬಿಳಿ. ಬಿಳಿ ಹಾಳೆ ಮೇಲೆ ಅದನ್ನು ತೋರಿಸುವುದು ಹೇಗೆ? ಸುಮ್ನೆ ಸುತ್ತ ಗೆರೆ ಎಳೆಯಬೇಡಿ. ಅಲ್ಲಿ ಹಿನ್ನೆಲೆಗೆ ತೆಳು ಹಸಿರು ಹಚ್ಚಿ, ಬಿಳಿ ತಾನಾಗಿ ಎದ್ದು ಕಾಣುತ್ತದೆ.

ಈ ವಾರ ಇಡೀ ಹಕ್ಕಿ ಬೇಡ. ತಲೆ ಮಾತ್ರ ಬಿಡಿಸಿ, ಎರಡು ಸಲ. ಒಂದನ್ನು ಕಂದಿನ ಪದರದಿಂದ ಮುಗಿಸಿ, ಇನ್ನೊಂದನ್ನು ನೀಲಿಯ ಪದರದಿಂದ. ಕೊನೆಗೆ ಹಚ್ಚಿದ ಬಣ್ಣವೇ ಜಾಸ್ತಿ ಕಾಣುವುದರಿಂದ ಎರಡು ಕಪ್ಪೂ ಬೇರೆ ಬೇರೆ ಬರುತ್ತವೆ. ನಿಮ್ಮ ಮನೆ ಹತ್ತಿರದ ಗೊರವಂಕಕ್ಕೆ ಯಾವುದು ಹೊಂದುತ್ತದೆ, ನೋಡಿ ಹೇಳಿ. ಮುಂದಿನ ವಿಡಿಯೋದಲ್ಲಿ ಕೆಮ್ಮೀಸೆ ಪಿಕಳಾರ, ಅದೇ, ಬುಲ್‌ಬುಲ್ ಹಕ್ಕಿ. ಕೆಂಪು ಪೆನ್ಸಿಲ್ ಚೂಪು ಮಾಡಿ ಇಟ್ಟುಕೊಂಡಿರಿ.