ಮ್ಯಾಮೊಗ್ರಾಮ್ ನಾರ್ಮಲ್, ಆದ್ರೂ ಗಂಟು ಕೈಗೆ ಸಿಗ್ತಿದೆ

ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ರಿಪೋರ್ಟ್ ಬಂದ ಕೂಡಲೇ ಎಲ್ಲರೂ ನೋಡೋದು ಕೊನೇ ಸಾಲು. ಬೈರಾಡ್ಸ್ 1, ಅಂದ್ರೆ ಅನುಮಾನದ್ದೇನೂ ಕಂಡಿಲ್ಲ ಅಂತಿದ್ರೆ ಸಮಾಧಾನ, ಫೈಲ್ ಬೀರುವಿಗೆ. ಅದೇ ರಿಪೋರ್ಟಲ್ಲಿ ಇನ್ನೊಂದು ಸಾಲು ಇರುತ್ತೆ: ಸ್ತನದ ಸಾಂದ್ರತೆ ಎ, ಬಿ, ಸಿ ಅಥವಾ ಡಿ. ಮೊದಲು ಓದಬೇಕಾದ್ದು ಅದನ್ನ.

ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಗೆ ಕಾಣುತ್ತೆ, ಹಾಲಿನ ಗ್ರಂಥಿ ಬೆಳ್ಳಗೆ. ಕ್ಯಾನ್ಸರ್ ಗಡ್ಡೆಯೂ ಬೆಳ್ಳಗೇ! ಸಿ, ಡಿ ಅಂದ್ರೆ ಗ್ರಂಥಿ ಭಾಗವೇ ಜಾಸ್ತಿ. ಸುಣ್ಣದ ಗೋಡೆ ಮೇಲೆ ಸುಣ್ಣದ ಚುಕ್ಕಿ ಹುಡುಕಿದ ಹಾಗೆ. ಚಿಕ್ಕ ವಯಸ್ಸಲ್ಲಿ ಇದು ಸಾಮಾನ್ಯ. ಅದಕ್ಕೇ 30ರೊಳಗಿನವರಿಗೆ ಗಂಟು ಸಿಕ್ಕಿದ್ರೆ ಮೊದಲು ಅಲ್ಟ್ರಾಸೌಂಡ್.

ಅಲ್ಟ್ರಾಸೌಂಡಲ್ಲಿ ನೀರು ತುಂಬಿದ ಸಿಸ್ಟ್ ಪೂರ್ತಿ ಕಪ್ಪಗೆ, ನುಣ್ಣನೆ ಅಂಚಿನದು. ಅನುಮಾನದ ಗಡ್ಡೆಗೆ ಅಂಚು ಮುಳ್ಳುಮುಳ್ಳು, ಅಗಲಕ್ಕಿಂತ ಎತ್ತರ ಹೆಚ್ಚು. ಜಪಾನ್‌ನಲ್ಲಿ 40ರಿಂದ 49 ವಯಸ್ಸಿನವರ ಮೇಲೆ ನಡೆದ ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯ್ತು. ಮ್ಯಾಮೊಗ್ರಾಮ್ ಒಂದೇ ಮಾಡಿದಾಗ 100 ಕ್ಯಾನ್ಸರಲ್ಲಿ 77 ಸಿಕ್ಕವು. ಅಲ್ಟ್ರಾಸೌಂಡ್ ಸೇರಿಸಿದಾಗ 91. ಆದ್ರೆ ಕ್ಯಾನ್ಸರ್ ಇಲ್ಲದವರಲ್ಲೂ ಅನುಮಾನ ಅಂತ ಬಂದವರು 100ಕ್ಕೆ ಸುಮಾರು 9ರಿಂದ 12ಕ್ಕೆ ಏರಿದರು. ಅಲ್ಟ್ರಾಸೌಂಡ್ ಉಪಕರಣ (ಪ್ರೋಬ್) ಹಿಡಿದವರ ಕೈಚಳಕದ ಮೇಲೂ ಫಲಿತಾಂಶ ನಿಂತಿರುತ್ತೆ.

ಹಾಗಂತ ಮ್ಯಾಮೊಗ್ರಾಮ್ ಬಿಡೋ ಹಾಗಿಲ್ಲ. ಉಪ್ಪಿನ ಕಣದಂಥ ಕ್ಯಾಲ್ಸಿಯಂ ಚುಕ್ಕಿಗಳು ಒಂದೆಡೆ ಗುಂಪಾಗಿರೋದು ಹಾಲಿನ ನಾಳದೊಳಗಿನ ಆರಂಭದ ಕ್ಯಾನ್ಸರಿನ ಸುಳಿವಾಗಿರಬಹುದು. ಅಲ್ಟ್ರಾಸೌಂಡಿಗೆ ಅವು ಬಹುಪಾಲು ಕಾಣೋದೇ ಇಲ್ಲ. ಆ ದಿನ ಡಿಯೋಡರೆಂಟ್, ಪೌಡರ್ ಹಾಕ್ಕೊಂಡು ಹೋಗ್ಬೇಡಿ, ಅವೂ ಅದೇ ಥರ ಬಿಳಿ ಚುಕ್ಕಿಯಾಗಿ ಕಾಣುತ್ತವೆ. ಮುಟ್ಟು ಮುಗಿದ ವಾರದಲ್ಲಿ ಹೋದ್ರೆ ಒತ್ತುವಾಗ ನೋವು ಕಡಿಮೆ. ಕೆಲವೇ ಸೆಕೆಂಡು, ಸಹಿಸ್ಕೊಳ್ಳಿ: ಸರಿಯಾಗಿ ಒತ್ತದಿದ್ರೆ ಪದರಗಳು ಒಂದರ ಮೇಲೊಂದು ಬಿದ್ದು ಗಡ್ಡೆ ಮುಚ್ಚಿಹೋಗುತ್ತೆ. ಪದರಪದರವಾಗಿ ಚಿತ್ರ ತೋರಿಸೋ 3ಡಿ ಮ್ಯಾಮೊಗ್ರಾಮ್ ಈ ತೊಂದರೆಯನ್ನ ಕಡಿಮೆ ಮಾಡುತ್ತೆ, ಡಿ ಸಾಂದ್ರತೆಯಲ್ಲಿ ಅದೂ ಸೋಲಬಹುದು.

ಎಂಆರ್‌ಐ ಎಲ್ಲಕ್ಕಿಂತ ಸೂಕ್ಷ್ಮ. ಬಿಆರ್‌ಸಿಎ ಜೀನ್ ದೋಷ (ಸ್ತನ ಕ್ಯಾನ್ಸರಿನ ಅಪಾಯ ತುಂಬಾ ಹೆಚ್ಚಿಸುವಂಥದ್ದು) ಇರೋರಿಗೆ ಅದು ಬೇಕೇ ಬೇಕು. ಗಡ್ಡೆ ಹೊಳೆದು ಕಾಣಲಿ ಅಂತ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಅನ್ನೋ ದ್ರಾವಣ ಕೊಡ್ತಾರೆ, ಕಿಡ್ನಿ ತೊಂದರೆ ಇದ್ರೆ ಮೊದಲೇ ಹೇಳಿ. ಮುಟ್ಟು ಶುರುವಾದ ದಿನದಿಂದ ಎಣಿಸಿ 7ರಿಂದ 14ನೇ ದಿನದೊಳಗೆ ಮಾಡಿಸ್ಕೊಳ್ಳಿ, ಇಲ್ಲದಿದ್ರೆ ಸಹಜ ಗ್ರಂಥಿಯೂ ಹೊಳೆದು ದಾರಿ ತಪ್ಪಿಸುತ್ತೆ.

ಥರ್ಮೋಗ್ರಫಿ ಅಂತ ಶಾಖದ ಬಣ್ಣಬಣ್ಣದ ಚಿತ್ರ ತೋರಿಸಿ ‘ನೋವಿಲ್ಲ, ರೇಡಿಯೇಷನ್ ಇಲ್ಲ’ ಅಂತ ಕರೆಯೋರಿದ್ದಾರೆ. ಅದು ಮ್ಯಾಮೊಗ್ರಾಮ್‌ಗೆ ಬದಲಿಯಲ್ಲ ಅಂತ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಕ ಎಫ್‌ಡಿಎ 2019ರಲ್ಲೂ ಎಚ್ಚರಿಸಿದೆ. ಅದನ್ನ ನಂಬಿ ಕೂತು ತಿಂಗಳುಗಳು ಕಳೆದ್ರೆ ನಂಗೆ ನಿಜಕ್ಕೂ ಸಂಕಟ ಆಗುತ್ತೆ.

ಗಂಟು ಕೈಗೆ ಸಿಗ್ತಿದ್ರೆ ‘ನಾರ್ಮಲ್’ ರಿಪೋರ್ಟ್ ಹಿಡಿದು ಸುಮ್ಮನಾಗ್ಬೇಡಿ. ಆ ಜಾಗವನ್ನೇ ಬೆರಳಿಟ್ಟು ತೋರಿಸಿ ಅಲ್ಟ್ರಾಸೌಂಡ್ ಕೇಳಿ. ಅನುಮಾನ ಉಳಿದ್ರೆ ಕೋರ್ ಬಯಾಪ್ಸಿ, ಅಂದ್ರೆ ದಪ್ಪ ಸೂಜಿಯಿಂದ (ಸಾಮಾನ್ಯವಾಗಿ 14 ಗೇಜ್) ಗಂಟಿನ ಸಣ್ಣ ತುಣುಕು ತೆಗೆಯೋದು. ಸಣ್ಣ ಸೂಜಿಯ ಎಫ್‌ಎನ್‌ಎಸಿಯಲ್ಲಿ ಬಿಡಿ ಕೋಶಗಳಷ್ಟೇ ಬರ್ತವೆ. ಕ್ಯಾನ್ಸರ್ ನಾಳದಿಂದ ಆಚೆ ಹಬ್ಬಿದೆಯೋ ಇಲ್ಲವೋ ಅದು ಹೇಳಲಾರದು. ಯಾವ ಚಿಕಿತ್ಸೆ ಅಂತ ನಿರ್ಧರಿಸೋಕೆ ನೆರವಾಗೋ ಇಆರ್, ಪಿಆರ್ (ಹಾರ್ಮೋನ್ ಗ್ರಾಹಕಗಳು), ಹರ್2 (ಒಂದು ಪ್ರೋಟೀನ್) ಪರೀಕ್ಷೆ ಭರವಸೆಯಿಂದ ಮಾಡೋಕೂ ಕೋರ್ ತುಣುಕೇ ಬೇಕು.