ಐದು, ಹನ್ನೆರಡು, ಇಪ್ಪತ್ನಾಲ್ಕು

ಕೇಳುಗರೆಲ್ಲರಿಗೂ ನಮಸ್ಕಾರ.

2023ರ ಏಪ್ರಿಲ್ ತಿಂಗಳು. ನನ್ನ ತಂಗಿಯ ಮಗಳು ಇಂಗ್ಲೆಂಡಿನಿಂದ ಫೋನ್ ಮಾಡಿದಳು. ಅವಳು ಅಲ್ಲಿ ನರ್ಸ್. ಸ್ಟೋಮಾರ್ಕೆಟ್ ಅನ್ನೋ ಸಣ್ಣ ಪೇಟೆಯಲ್ಲಿ ಬಾಡಿಗೆ ಮನೆ. "ದೊಡ್ಡಮ್ಮ, ನನಗೆ ಇಲ್ಲಿ ಓಟಿನ ಕಾರ್ಡು ಬಂದಿದೆ. ಮೇ 4ಕ್ಕೆ ಅಂತೆ. ನನ್ನ ಪಾಸ್‌ಪೋರ್ಟ್ ಇಂಡಿಯಾದ್ದು. ಹೋಗಿ ಓಟು ಹಾಕಿದ್ರೆ ಏನೂ ತೊಂದರೆ ಇಲ್ಲ ಅಲ್ವಾ?" ಅಂದಳು.

ತೊಂದರೆ ಇಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಕಾಮನ್‌ವೆಲ್ತ್ ದೇಶದ ಪ್ರಜೆಗಳು ಸರಿಯಾದ ವೀಸಾದ ಮೇಲೆ ಬ್ರಿಟನ್ನಿನಲ್ಲಿ ವಾಸವಾಗಿದ್ದರೆ, ಹೆಸರು ನೋಂದಾಯಿಸಿಕೊಂಡು ಓಟು ಹಾಕಬಹುದು. ಊರಿನ ಕೌನ್ಸಿಲ್‌ಗೂ ಹಾಕಬಹುದು, ಪಾರ್ಲಿಮೆಂಟಿಗೂ ಹಾಕಬಹುದು. ಅವಳ ಜೊತೆ ಅದೇ ವಾರ್ಡಿನಲ್ಲಿ ದುಡಿಯುವ ಫಿಲಿಪ್ಪೀನ್ಸ್ ನರ್ಸಿಗೆ ಆ ಹಕ್ಕಿಲ್ಲ. ಇವಳಿಗೆ ಇದೆ. ಮನೆಗೆ ಬಂದ ಫಾರಂ ಅನ್ನು ಇವಳು ಸುಮ್ನೆ ತುಂಬಿ ಕಳಿಸಿದ್ದಳು. ಅದರ ಬೆಲೆ ಏನು ಅಂತ ಕಾರ್ಡು ಕೈಗೆ ಬಂದಾಗಲೇ ಗೊತ್ತಾದದ್ದು.

ಅವಳು ಓಟು ಹಾಕಿದ್ದು ಮಿಡ್ ಸಫೊಕ್ ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ. ಆ ಚುನಾವಣೆಯ ಫಲಿತಾಂಶದ ಬಗ್ಗೆಯೇ ಇವತ್ತು ನಾನು ಮಾತಾಡಬೇಕು ಅಂತಿರುವುದು.

ಡಿಸ್ಟ್ರಿಕ್ಟ್ ಅಂದ ಕೂಡಲೇ ನಮಗೆ ನಮ್ಮ ಜಿಲ್ಲೆ ನೆನಪಾಗುತ್ತದೆ. ಅಲ್ಲಿಯದು ಅಷ್ಟು ದೊಡ್ಡದಲ್ಲ. ನಮ್ಮ ಒಂದು ಚಿಕ್ಕ ತಾಲ್ಲೂಕು ಅಂದುಕೊಳ್ಳಿ. ಮಿಡ್ ಸಫೊಕ್‌ನಲ್ಲಿ ಇರುವುದು ಸುಮಾರು 1 ಲಕ್ಷ ಜನ. ಇಂಗ್ಲೆಂಡಿನ ಪೂರ್ವ ಭಾಗ. ಗೋಧಿ, ಬಾರ್ಲಿ ಬೆಳೆಯುವ ಬಯಲು. ಗಿಪ್ಪಿಂಗ್ ನದಿಯ ದಂಡೆಯಲ್ಲಿ ಸ್ಟೋಮಾರ್ಕೆಟ್, ನೀಡಮ್ ಮಾರ್ಕೆಟ್ ಅನ್ನೋ ಪೇಟೆಗಳು. ಉತ್ತರಕ್ಕೆ ಹೋದರೆ ಐ ಅಂತ ಒಂದು ಊರು. ಹೌದು, ಬರೀ ಒಂದಕ್ಷರದ ಹೆಸರು. ಉಳಿದದ್ದೆಲ್ಲ ಹಳ್ಳಿಗಳು, ಒಂದೊಂದು ಹಳ್ಳಿಗೂ ಒಂದೊಂದು ಹಳೆಯ ಕಲ್ಲಿನ ಚರ್ಚು. ರೇಡಿಯೋ ಕೇಳುವ ನಮಗೆ ಇಷ್ಟವಾಗುವ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಬಿಬಿಸಿ ರೇಡಿಯೋದಲ್ಲಿ ದಶಕಗಳ ಕಾಲ ಹೊಸ ಹೊಸ ಸಂಗೀತ ಕೇಳಿಸಿದ ಜಾನ್ ಪೀಲ್ ಇದ್ದದ್ದು ಇಲ್ಲೇ, ಗ್ರೇಟ್ ಫಿನ್‌ಬರೊ ಅನ್ನೋ ಹಳ್ಳಿಯಲ್ಲಿ. ಎಷ್ಟೋ ಕಾರ್ಯಕ್ರಮಗಳನ್ನು ಅವರು ತಮ್ಮ ಮನೆಯಿಂದಲೇ ಕೊಟ್ಟರು.

ಇಂಥ ಕೌನ್ಸಿಲ್‌ನ ಕೆಲಸ ಏನು? ಮನೆ ಮನೆಯ ಕಸ ಎತ್ತಿಸುವುದು. ಯಾರು ಎಲ್ಲಿ ಮನೆ ಕಟ್ಟಬಹುದು ಅಂತ ತೀರ್ಮಾನಿಸುವುದು. ಸೂರಿಲ್ಲದವರಿಗೆ ಸೂರು ನೋಡುವುದು. ಈಜುಕೊಳ, ಆಟದ ಜಾಗ. ಮನೆ ತೆರಿಗೆಯ ಬಿಲ್ಲು ಕಳಿಸುವುದೂ ಇದೇ ಕೌನ್ಸಿಲ್, ಆದರೆ ಬಂದ ಹಣದಲ್ಲಿ ಇದಕ್ಕೆ ಉಳಿಯುವುದು ಸಣ್ಣ ಪಾಲು. ದೊಡ್ಡ ಪಾಲು, ಹಲವು ಡಿಸ್ಟ್ರಿಕ್ಟ್ ಸೇರಿದ ಕೌಂಟಿಯ ಮೇಲಿನ ಕೌನ್ಸಿಲ್‌ಗೆ ಹೋಗುತ್ತದೆ. ರಸ್ತೆ, ಶಾಲೆ, ಮುದುಕರ ಆರೈಕೆ, ಲೈಬ್ರರಿ ಎಲ್ಲ ಕೌಂಟಿಯ ಕೈಲಿದೆ. ಹಾಗಾಗಿ ರಸ್ತೆಯಲ್ಲಿ ಗುಂಡಿ ಬಿದ್ದರೆ ಒಬ್ಬರನ್ನು ಕೇಳಬೇಕು, ಕಸದ ಡಬ್ಬಿ ತುಂಬಿ ಚೆಲ್ಲಿದರೆ ಇನ್ನೊಬ್ಬರನ್ನು ಕೇಳಬೇಕು. ಅಲ್ಲಿಯ ಜನಕ್ಕೇ ಇದು ಗೊಂದಲ.

ಈಗ ಫಲಿತಾಂಶಕ್ಕೆ ಬರುತ್ತೇನೆ. ಒಟ್ಟು 34 ಸೀಟು. ಪರಿಸರದ ಪಕ್ಷ ಗ್ರೀನ್ ಪಾರ್ಟಿಗೆ 24. ಆಗ ದೇಶ ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷಕ್ಕೆ 6. ಲಿಬರಲ್ ಡೆಮೊಕ್ರಾಟ್‌ಗಳಿಗೆ 4. ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ ಗ್ರೀನ್ ಪಾರ್ಟಿ ಪೂರ್ತಿ ಬಹುಮತ ಪಡೆದದ್ದು ಅದೇ ಮೊದಲು. ಆಂಡಿ ಮೆಲ್ಲೆನ್ ಕೌನ್ಸಿಲ್‌ನ ನಾಯಕರಾದರು. ಫಲಿತಾಂಶ ಬಂದ ಮರುದಿನವೇ, ಮೇ 6ಕ್ಕೆ, ಲಂಡನ್ನಿನಲ್ಲಿ ರಾಜ ಚಾರ್ಲ್ಸ್ ಅವರ ಪಟ್ಟಾಭಿಷೇಕ. ಲೋಕದ ಕ್ಯಾಮೆರಾಗಳೆಲ್ಲ ಆ ಕಡೆ ತಿರುಗಿದ್ದವು. ಕಸ ಎತ್ತಿಸುವ ಕೌನ್ಸಿಲ್‌ನ ಸುದ್ದಿ ನಮ್ಮವರೆಗೆ ಎಲ್ಲಿ ಬರಬೇಕು?

ಆ ವಾರ ಬಂದ ಸುದ್ದಿಯಲ್ಲಿ ಒಂದು ಮಾತು ಜಾಸ್ತಿ ಕೇಳಿಸಿತು. ಪ್ರಧಾನಿ ರಿಷಿ ಸುನಕ್ ಅವರ ಪಕ್ಷಕ್ಕೆ ಭಾರಿ ಪೆಟ್ಟು, 1000ಕ್ಕೂ ಹೆಚ್ಚು ಕೌನ್ಸಿಲ್ ಸೀಟು ಹೋದವು ಅಂತ. ಅವರು ನಾರಾಯಣ ಮೂರ್ತಿ, ಸುಧಾ ಮೂರ್ತಿ ಅವರ ಅಳಿಯ. ಹಾಗಾಗಿ ನಮ್ಮ ಕಡೆಯೂ ಜನ ಅದನ್ನು ಆಸಕ್ತಿಯಿಂದ ಓದಿದರು. ಆ ಸುದ್ದಿ ನಿಜವೇ. ಹಿಂದಿನ ವರ್ಷ ಅದೇ ಪಕ್ಷದ ಲಿಜ್ ಟ್ರಸ್ ಎರಡು ತಿಂಗಳೂ ತುಂಬದೆ ಪ್ರಧಾನಿ ಪಟ್ಟ ಬಿಟ್ಟಿದ್ದರು. ಮನೆ ಸಾಲದ ಬಡ್ಡಿ ಏರಿತ್ತು. ದಿನಸಿ ದುಬಾರಿಯಾಗಿತ್ತು. ಜನಕ್ಕೆ ಸಿಟ್ಟು ಬಂದಿತ್ತು.

ಆದರೆ ಸಿಟ್ಟು ಇಡೀ ದೇಶಕ್ಕೇ ಬಂದಿತ್ತಲ್ಲ? ಬೇರೆ ಕಡೆ ಆ ಸಿಟ್ಟಿನ ಓಟು ಲೇಬರ್ ಪಕ್ಷಕ್ಕೋ ಲಿಬರಲ್ ಡೆಮೊಕ್ರಾಟ್‌ಗಳಿಗೋ ಹೋಯಿತು. ಇಲ್ಲಿ ಗ್ರೀನ್ ಪಾರ್ಟಿಗೆ ಯಾಕೆ ಬಂತು?

ಹಿಂದಿನ ಲೆಕ್ಕ ತೆಗೆದರೆ ಕಾಣುತ್ತದೆ. 2015ರಲ್ಲಿ ಈ ಕೌನ್ಸಿಲ್‌ಗೆ 40 ಸೀಟು ಇದ್ದವು. ಗ್ರೀನ್ ಪಾರ್ಟಿಗೆ ಬಂದದ್ದು 5. ಕನ್ಸರ್ವೇಟಿವ್‌ಗೆ 29. 2019ರ ಹೊತ್ತಿಗೆ ಗಡಿ ಬದಲಾಯಿಸಿ ಸೀಟು 34ಕ್ಕೆ ಇಳಿಸಿದ್ದರು. ಆಗ ಗ್ರೀನ್ 12, ಕನ್ಸರ್ವೇಟಿವ್ 16. ಆಮೇಲೆ ಈ 24. ಐದು, ಹನ್ನೆರಡು, ಇಪ್ಪತ್ನಾಲ್ಕು. ಒಂದು ರಾತ್ರಿಯಲ್ಲಿ ಎದ್ದ ಅಲೆ ಹೀಗಿರುವುದಿಲ್ಲ. ಇದು ಮೆಟ್ಟಿಲು ಹತ್ತಿದ ಹಾಗಿದೆ.

ಗ್ರೀನ್ ಪಾರ್ಟಿಯವರದು ಒಂದು ಪದ್ಧತಿ ಇದೆ. ಎಲ್ಲ ಕಡೆ ಕೈ ಹಾಕುವುದಿಲ್ಲ. ಗೆಲ್ಲಬಹುದಾದ ಒಂದೆರಡು ವಾರ್ಡು ಆರಿಸಿಕೊಳ್ಳುತ್ತಾರೆ. ಅಲ್ಲಿ ಚುನಾವಣೆ ಇರಲಿ ಬಿಡಲಿ, ವರ್ಷವಿಡೀ ಬಾಗಿಲು ತಟ್ಟುತ್ತಾರೆ. ಬಸ್ಸು ನಿಂತು ಹೋಯಿತಾ, ಚರಂಡಿ ಕಟ್ಟಿದೆಯಾ, ಊರ ಪಕ್ಕ ಬರುವ ಹೊಸ ಬಡಾವಣೆಗೆ ಶಾಲೆ ಸಾಲುತ್ತಾ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಒಂದು ವಾರ್ಡು ಗೆದ್ದ ಮೇಲೆ ಪಕ್ಕದ ವಾರ್ಡು. ಮಿಡ್ ಸಫೊಕ್‌ಗೆ ಈ ಪದ್ಧತಿ ಚೆನ್ನಾಗಿ ಹೊಂದಿತು. ಹಳ್ಳಿಗಳು ಚಿಕ್ಕವು, ಮುಖ ಗೊತ್ತು. ಥರ್ಸ್ಟನ್ ಅಂಥ ಹಳ್ಳಿಯಲ್ಲಿ ನೂರಾರು ಹೊಸ ಮನೆಗಳಿಗೆ ಒಪ್ಪಿಗೆ ಸಿಕ್ಕಿತ್ತು. ಡಾಕ್ಟರ್ ಎಲ್ಲಿ, ಬಸ್ಸೆಲ್ಲಿ ಅಂತ ಜನ ಕೇಳುತ್ತಿದ್ದರು. ನಾರಿಚ್‌ನಿಂದ ಟಿಲ್ಬರಿಗೆ ಹೊಲಗಳ ಮೇಲೆ ವಿದ್ಯುತ್ ಗೋಪುರಗಳ ಸಾಲು ಎಳೆಯುವ ಯೋಜನೆ 2022ರಲ್ಲಿ ಬಂತು. ಅದೂ ಇದೇ ನೆಲದ ಮೇಲೆ ಹಾದು ಹೋಗುತ್ತದೆ. ಇಂಥ ಮಾತು ಕೇಳಿಸಿಕೊಳ್ಳಲು ಬಾಗಿಲಿಗೆ ಬಂದವರಿಗೆ ಜನ ಓಟು ಕೊಟ್ಟರು ಅಂತ ನಾನು ನಂಬುತ್ತೇನೆ. ಎಷ್ಟೋ ಹಳ್ಳಿಗಳಲ್ಲಿ ತಲೆಮಾರುಗಳಿಂದ ಕನ್ಸರ್ವೇಟಿವ್ ಆಗಿದ್ದ ರೈತರ ಮನೆಗಳಿವೆ. ಅವರೆಲ್ಲ ಒಂದೇ ದಿನಕ್ಕೆ ಪರಿಸರವಾದಿಗಳಾದರು ಅಂತ ಹೇಳಲು ನನಗೆ ಮನಸ್ಸಿಲ್ಲ.

ಈ ನಂಬಿಕೆಗೆ ಇನ್ನೊಂದು ಕಾರಣವೂ ಇದೆ. ಅದೇ ದಿನ ಸಮುದ್ರ ತೀರದ ಬ್ರೈಟನ್ ನಗರದಲ್ಲಿ ಗ್ರೀನ್ ಪಾರ್ಟಿ ನೆಲ ಕಚ್ಚಿತು. ಆಗ ಅವರಿಗಿದ್ದ ಒಬ್ಬರೇ ಎಂಪಿ, ಕ್ಯಾರೊಲೈನ್ ಲ್ಯೂಕಸ್, ಗೆದ್ದದ್ದು ಆ ಊರಿನಿಂದಲೇ. ಕೌನ್ಸಿಲ್‌ನ ಆಡಳಿತವೂ ಆಗ ಗ್ರೀನ್ ಕೈಯಲ್ಲೇ ಇತ್ತು. 54 ಸೀಟಿನಲ್ಲಿ ಅವರಿಗೆ ಉಳಿದದ್ದು 7. ಲೇಬರ್ 38 ಗೆದ್ದಿತು. ಪಕ್ಷ ಒಂದೇ, ಧ್ಯೇಯ ಒಂದೇ, ದಿನ ಒಂದೇ. ಊರಿನ ಜನ ತಮ್ಮ ಊರಿನ ಕೆಲಸ ನೋಡಿ ಓಟು ಹಾಕಿದರು.

ಇಲ್ಲಿ ಒಂದು ಮಾತು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. 34ರಲ್ಲಿ 24 ಅಂದರೆ ಸೀಟಿನಲ್ಲಿ ನೂರಕ್ಕೆ 70. ಓಟಿನಲ್ಲಿ ಅಷ್ಟು ಬಂದಿರಲಿಲ್ಲ. ವಾರ್ಡಿನಲ್ಲಿ ಹೆಚ್ಚು ಓಟು ಪಡೆದವರೇ ಗೆಲ್ಲುವ ಪದ್ಧತಿ ನಮ್ಮದರ ಹಾಗೇ ಅಲ್ಲೂ ಇದೆ. ಓಟಿನ ಪ್ರಮಾಣಕ್ಕೆ ತಕ್ಕಂತೆ ಸೀಟು ಹಂಚಬೇಕು ಅಂತ ಗ್ರೀನ್ ಪಾರ್ಟಿಯೇ ಮೊದಲಿನಿಂದ ಕೇಳುತ್ತ ಬಂದಿದೆ. ಮಿಡ್ ಸಫೊಕ್‌ನಲ್ಲಿ ಹಳೆಯ ಪದ್ಧತಿಯೇ ಅವರ ಕೈ ಹಿಡಿಯಿತು. ಗೆದ್ದ ಮೇಲೂ ಅವರು ಆ ಬೇಡಿಕೆ ಬಿಡಲಿಲ್ಲ. ಅದು ನನಗೆ ಮೆಚ್ಚುಗೆಯಾಯಿತು.

ನನ್ನ ಹುಡುಗಿ ಓಟು ಹಾಕಿದ ಕತೆ ಕೇಳಿ. ಅಲ್ಲಿ ಓಟಿಗೆ ರಜೆ ಇಲ್ಲ. ಗುರುವಾರ, ಎಲ್ಲರಿಗೂ ಕೆಲಸದ ದಿನ. ಆದರೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಬೂತ್ ತೆರೆದಿರುತ್ತದೆ. ಡ್ಯೂಟಿ ಮುಗಿಸಿ ಕತ್ತಲಾದ ಮೇಲೆ ಹೋದಳು. ಒಂದು ಟೇಬಲ್ಲು, ಇಬ್ಬರು ಸಿಬ್ಬಂದಿ, ಮರದ ಪುಟ್ಟ ಗೂಡು. ಮೆಷಿನ್ ಇಲ್ಲ. ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಇಂಟು ಗುರುತು ಹಾಕಿ, ಮಡಿಸಿ ಪೆಟ್ಟಿಗೆಗೆ ಹಾಕಬೇಕು. ಬೆರಳಿಗೆ ಶಾಯಿಯನ್ನೂ ಹಚ್ಚಲಿಲ್ಲ. "ಓಟು ಹಾಕಿದ ಹಾಗೇ ಅನ್ನಿಸಲಿಲ್ಲ ದೊಡ್ಡಮ್ಮ" ಅಂದಳು.

ಇಂಗ್ಲೆಂಡಿನಾದ್ಯಂತ ಫೋಟೊ ಇರುವ ಗುರುತು ಚೀಟಿ ತೋರಿಸಲೇಬೇಕು ಅಂತ ಮಾಡಿದ್ದು ಆ ಚುನಾವಣೆಯಲ್ಲೇ ಮೊದಲು. ನಮಗೆ ಅದು ಮಾಮೂಲಿ. ಅವರಿಗೆ ಹೊಸದು. ಚೀಟಿ ಇಲ್ಲದೆ ಬಂದು, ವಾಪಸ್ ಹೋಗಿ, ಮತ್ತೆ ಬರದೇ ಉಳಿದವರು ಸುಮಾರು 14,000 ಜನ ಅಂತ ಅಲ್ಲಿಯ ಚುನಾವಣಾ ಆಯೋಗ ಹೇಳಿತು. ವಯಸ್ಸಾದವರ ಬಸ್ ಪಾಸ್ ನಡೆಯುತ್ತಿತ್ತು, ಯುವಕರ ರೈಲು ಕಾರ್ಡು ನಡೆಯುತ್ತಿರಲಿಲ್ಲ. ಇದು ನ್ಯಾಯ ಅಲ್ಲ ಅಂತ ಅಲ್ಲೂ ಜನ ಹೇಳಿದರು, ನನಗೂ ಹಾಗೇ ಅನ್ನಿಸುತ್ತದೆ. ಕಾಮನ್‌ವೆಲ್ತ್ ದೇಶಗಳ ಪಾಸ್‌ಪೋರ್ಟ್ ಕೂಡ ನಡೆಯುತ್ತಿತ್ತು. ನಮ್ಮ ಹುಡುಗಿ ಅಶೋಕ ಸ್ತಂಭದ ಪಾಸ್‌ಪೋರ್ಟ್ ತೋರಿಸಿ ಸ್ಟೋಮಾರ್ಕೆಟ್‌ನಲ್ಲಿ ಓಟು ಹಾಕಿ ಬಂದಳು.

ಆರು ದಿನ ಕಳೆದು ಮೇ 10. ಕರ್ನಾಟಕದಲ್ಲಿ ವಿಧಾನಸಭೆಗೆ ಮತದಾನ. ಅವಳ ಹೆಸರು ಇಲ್ಲಿಯ ಪಟ್ಟಿಯಲ್ಲೂ ಇದೆ. ಆದರೆ ಹೊರದೇಶದಲ್ಲಿರುವ ನಮ್ಮವರು ಖುದ್ದಾಗಿ ಬೂತಿಗೆ ಬಂದೇ ಓಟು ಹಾಕಬೇಕು. ಅವಳಿಗೆ ರಜೆಯೂ ಇರಲಿಲ್ಲ, ಟಿಕೆಟ್ಟಿಗೆ ದುಡ್ಡೂ ಇರಲಿಲ್ಲ. ಎರಡು ವರ್ಷದ ಹಿಂದೆ ಬಂದಿಳಿದ ಊರಿನಲ್ಲಿ ಓಟು ಹಾಕಿದಳು, ಹುಟ್ಟಿದ ಊರಿನಲ್ಲಿ ಆಗಲಿಲ್ಲ. ಆ ರಾತ್ರಿ ಫೋನಿನಲ್ಲಿ ಅವಳ ದನಿ ಸಣ್ಣದಾಗಿತ್ತು.

ಮುಂದಿನ ವರ್ಷ, 2024ರ ಜುಲೈ 4ರಂದು, ಪಾರ್ಲಿಮೆಂಟ್ ಚುನಾವಣೆ. ಐ ಊರು ಸೇರಿದ ಹೊಸ ಕ್ಷೇತ್ರ ವೇವ್ನಿ ವ್ಯಾಲಿಯಲ್ಲಿ ಗ್ರೀನ್ ಪಾರ್ಟಿಯ ಏಡ್ರಿಯನ್ ರಾಮ್ಸಿ ಗೆದ್ದರು. ಕೌನ್ಸಿಲ್ ವಾರ್ಡುಗಳಲ್ಲಿ ತಟ್ಟಿದ ಬಾಗಿಲುಗಳೇ ಅಲ್ಲೂ ತೆರೆದವು.

ಇಷ್ಟೆಲ್ಲ ಆದ ಮೇಲೆ ಈಗ ಆ ಕೌನ್ಸಿಲ್ಲೇ ಇಲ್ಲವಾಗುವ ಹೊತ್ತು ಬಂದಿದೆ. 2024ರ ಡಿಸೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಒಂದು ಶ್ವೇತಪತ್ರ ತಂದಿತು. ಡಿಸ್ಟ್ರಿಕ್ಟ್ ಒಂದು, ಕೌಂಟಿ ಒಂದು ಅಂತ ಎರಡು ಹಂತ ಬೇಡ, ಎರಡನ್ನೂ ಸೇರಿಸಿ ಒಂದೇ ದೊಡ್ಡ ಕೌನ್ಸಿಲ್ ಮಾಡೋಣ ಅನ್ನುವುದು ಯೋಜನೆ. ಇಡೀ ಸಫೊಕ್‌ಗೆ ಒಂದೇ ಸಾಕು ಅಂತ ಕೌಂಟಿ ಕೌನ್ಸಿಲ್ ಹೇಳಿತು. ಮೂರಾದರೂ ಬೇಕು ಅಂತ ಡಿಸ್ಟ್ರಿಕ್ಟ್‌ಗಳು ಹೇಳಿದವು. ಈ ಗಡಿಬಿಡಿಯಲ್ಲಿ 2025ರ ಮೇ ತಿಂಗಳಲ್ಲಿ ನಡೆಯಬೇಕಿದ್ದ ಸಫೊಕ್ ಕೌಂಟಿ ಚುನಾವಣೆಯನ್ನು ಮುಂದಕ್ಕೆ ಹಾಕಿದರು. ಜಿಲ್ಲಾ ಪಂಚಾಯಿತಿ ಚುನಾವಣೆಗಾಗಿ ವರ್ಷಗಟ್ಟಲೆ ಕಾದ ನಮಗೆ ಆ ನೋವು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಒಂದೇ ಕಡೆ ಸೇರಿ ದುಡ್ಡು ಉಳಿಸುವುದು ಒಳ್ಳೆಯದೇ. ಮಿಡ್ ಸಫೊಕ್ ಮೊದಲೇ ಅದನ್ನು ಮಾಡಿತ್ತು. ಪಕ್ಕದ ಬೇಬರ್ ಡಿಸ್ಟ್ರಿಕ್ಟ್ ಜೊತೆ ಸಿಬ್ಬಂದಿ ಹಂಚಿಕೊಂಡಿದೆ. ಇಬ್ಬರ ಕಚೇರಿಯೂ ಇಪ್ಸ್‌ವಿಚ್ ನಗರದ ಒಂದೇ ಕಟ್ಟಡದಲ್ಲಿದೆ. ಪೂರ್ತಿ ಒಂದಾಗೋಣವಾ ಅಂತ 2011ರಲ್ಲಿ ಎರಡೂ ಕಡೆಯ ಜನರನ್ನೇ ಓಟು ಹಾಕಿಸಿ ಕೇಳಿದರು. ಮಿಡ್ ಸಫೊಕ್ ಹೂಂ ಅಂದಿತು. ಬೇಬರ್ ಊಹೂಂ ಅಂದಿತು. ಅಲ್ಲಿಗೆ ಆ ಮಾತು ನಿಂತಿತು. ಈ ಸಲ ಹಾಗೆ ಜನರನ್ನು ಓಟಿಗೆ ಕರೆದು ಕೇಳಿಲ್ಲ. ಅಭಿಪ್ರಾಯ ಬರೆದು ಕಳಿಸಿ ಅಂದರು, ತೀರ್ಮಾನ ಲಂಡನ್ನಿನದು. ನನಗೆ ಇದು ಸರಿ ಕಾಣುವುದಿಲ್ಲ. ಹಳ್ಳಿಯ ಬಾಗಿಲು ತಟ್ಟಿ ಗೆಲ್ಲಬಹುದಾದದ್ದು ವಾರ್ಡು ಚಿಕ್ಕದಾಗಿದ್ದಾಗ ಮಾತ್ರ.

ಮೊನ್ನೆ ನಮ್ಮ ಹುಡುಗಿ ಅದೇ ಪೇಟೆಯಲ್ಲಿ ಬೇರೆ ಮನೆಗೆ ಹೋದಳು. ಸಾಮಾನು ಬಿಚ್ಚುವ ಮೊದಲು ಓಟರ್ ಫಾರಂ ತುಂಬಿದೆ ಅಂತ ಹೇಳಿದಳು. ಮುಂದಿನ ಕಾರ್ಡಿನ ಮೇಲೆ ಯಾವ ಕೌನ್ಸಿಲ್‌ನ ಹೆಸರು ಇರುತ್ತದೋ ನೋಡಿ ತಿಳಿಸುತ್ತೇನೆ ಅಂದಳು.

ನಮಸ್ಕಾರ.