ತೊರಕೆ ಮೀನು, ನಿಂಬೆ ಎಲೆಯ ರಂಗೋಲಿ ಹುಳು: ಯಾರು ಹೆಚ್ಚು ಚಪ್ಪಟೆ?

ನಮಸ್ಕಾರ. ಮಂಡ್ಯದ ವೀಕ್ಷಕರೊಬ್ಬರು ಹಿತ್ತಿಲಿನ ನಿಂಬೆ ಎಲೆಯ ಚಿತ್ರ ಕಳುಹಿಸಿ, "ಸಾರ್, ಇದರೊಳಗಿನ ಹುಳು ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಕಂಡ ತೊರಕೆಯ ಹಾಗೆ ಚಪ್ಪಟೆಯಾಗಿದೆ, ಎರಡಕ್ಕೂ ನಂಟುಂಟೇ?" ಎಂದು ಕೇಳಿದ್ದಾರೆ. ನಂಟಿಲ್ಲ, ಒಂದು ಬೆನ್ನೆಲುಬುಳ್ಳ ಮೀನು, ಇನ್ನೊಂದು ಪತಂಗದ ಮರಿಹುಳು. (ಬೆನ್ನೆಲುಬು ಎಂದರೂ ತೊರಕೆಯಲ್ಲಿ ಎಲುಬೇ ಇಲ್ಲ, ಇರುವುದೆಲ್ಲ ಮೃದ್ವಸ್ಥಿ.) ಆದರೂ ಇಬ್ಬರೂ ಚಪ್ಪಟೆಯಾದ ಬಗೆ ನೋಡುವಂಥದ್ದು.

ತೊರಕೆಯದನ್ನು ಬೇಗ ಹೇಳಿಬಿಡುತ್ತೇನೆ. ಎದೆಯ ಈಜುರೆಕ್ಕೆಗಳು ಅಗಲವಾಗಿ ಬೆಳೆದು ತಲೆಯ ಬದಿಗೆ ಕೂಡಿಕೊಂಡಿರುವುದರಿಂದ ಅದರ ಮೈ ತಟ್ಟೆಯಂತಾಗಿದೆ. ಬಾಯಿ, ಕಿವಿರುಗಳು ಹೊಟ್ಟೆಯ ಕಡೆಗಿರುವುದರಿಂದ, ಮರಳಿನಲ್ಲಿ ಹುದುಗಿರುವಾಗ ಅದು ಕಣ್ಣಿನ ಹಿಂದಿನ ರಂಧ್ರಗಳಿಂದ ನೀರೆಳೆದುಕೊಂಡು ಉಸಿರಾಡುತ್ತದೆ.

[ಹತ್ತಿರದ ದೃಶ್ಯ: ಬೆಳಕಿಗೆ ಹಿಡಿದ ನಿಂಬೆಯ ಚಿಗುರೆಲೆ]

ಇದು ಮೈಸೂರಿನ ನಮ್ಮ ಮನೆಯ ಕುಂಡದ ಎಲೆ. ಬೆಳ್ಳಿಯಂತೆ ಹೊಳೆಯುವ ಈ ಅಂಕುಡೊಂಕು ದಾರಿಯೇ ಸುರಂಗ. ನಡುವೆ ನೂಲಿನಂತೆ ಕಾಣುವ ಕಪ್ಪು ಗೆರೆ ಹುಳುವಿನ ಹಿಕ್ಕೆ. ರಂಗೋಲಿಯ ಎಳೆ ಯಾವುದರದ್ದೆಂದು ಇನ್ನು ಬಿಡಿಸಿ ಹೇಳಬೇಕಿಲ್ಲ. ಎಲೆಯನ್ನು ಒಬ್ಬಟ್ಟು ಎಂದುಕೊಳ್ಳಿ: ಎಲೆಯ ತೆಳು ಹೊರಸಿಪ್ಪೆ ಕಣಕ, ಒಳಗಿನ ಹಸಿರು ತಿರುಳು ಹೂರಣ. 2014ರಿಂದ ನಮ್ಮ ದೇಶದ ಟೊಮ್ಯಾಟೊ ಹೊಲಗಳನ್ನು ಕಾಡುತ್ತಿರುವ ಟೂಟಾ ಪತಂಗದ ಮರಿಹುಳು ಕಣಕದ ಹೊದಿಕೆಯನ್ನು ಉಳಿಸಿ ಒಳಗಿನ ಹೂರಣವನ್ನು ಮೇಯುತ್ತದೆ. ನಿಂಬೆಯ ಹುಳು ಹೂರಣದ ತಂಟೆಗೇ ಹೋಗುವುದಿಲ್ಲ. ಕಣಕದ ಆ ತೆಳು ಪದರದೊಳಗೇ ನುಸುಳಿ, ಒಂದೊಂದೇ ಜೀವಕೋಶವನ್ನು ಸೀಳಿ ರಸ ಹೀರುತ್ತಾ ಮುಂದೆ ಸಾಗುತ್ತದೆ. ಕಾಲಿಲ್ಲದ, ಕಾಗದದಂಥ ಮೈ ಇಲ್ಲದಿದ್ದರೆ ಅಲ್ಲಿ ಬಾಳುವುದು ಅಸಾಧ್ಯ. ಹಬ್ಬದ ದಿನ ಇಂಥ ನಾಜೂಕು ನನಗಂತೂ ಬಂದಿಲ್ಲ.

ಹಾಗಾಗಿ ಚಪ್ಪಟೆತನದಲ್ಲಿ ನನ್ನ ಮತ ಹುಳುವಿಗೆ. ಆದರೆ ತೊರಕೆ ಬದುಕಿಡೀ ಚಪ್ಪಟೆ, ಹುಳುವಿಗೆ ಅದು ಬಾಲ್ಯದ ವೇಷ ಮಾತ್ರ. ಕೊನೆಯ ಹಂತದಲ್ಲಿ ಅದು ಊಟ ಬಿಟ್ಟು, ಎಲೆಯಂಚನ್ನು ಮಡಚಿ ಕೋಶ ಕಟ್ಟಿ, ಬಿಳಿ ಪತಂಗವಾಗಿ ಹೊರಬರುತ್ತದೆ.

ಸಮಯ ಮೀರುತ್ತಿರುವುದರಿಂದ ಉಳಿದದ್ದು ಒಟ್ಟಿಗೆ: ಈ ಪತಂಗಕ್ಕೆ ಸ್ಟೇನ್‌ಟನ್ ಎಂಬುವರು 1856ರಲ್ಲಿ ಹೆಸರಿಟ್ಟರು, ಅದರ ರೆಕ್ಕೆಯಗಲ ಸುಮಾರು 4 ಮಿಲಿಮೀಟರ್. ತೊರಕೆಯ ಬಳಗದ ದೈತ್ಯ ಮಾಂಟಾ 7 ಮೀಟರ್ ತಲುಪಬಲ್ಲುದು, ಅಂದರೆ ಸಾಲಾಗಿ ಜೋಡಿಸಿದ 1,750 ಪತಂಗಗಳು. ಮಾಂಟಾ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಪತಂಗ ಹತ್ತಾರು ಮೊಟ್ಟೆಗಳನ್ನು ಇಡುತ್ತದೆ, ಅದೂ ಚಿಗುರೆಲೆಗಳಲ್ಲಿ. ಮಂಡ್ಯದ ಸ್ನೇಹಿತರೇ, ನಿಮ್ಮದು ಬೆಳೆದ ಮರವಾಗಿದ್ದರೆ ಔಷಧಿ ಹೊಡೆಯುವ ಅವಸರ ಬೇಡ; ಬಲಿತ ಎಲೆಗಳನ್ನು ಅದು ಮುಟ್ಟುವುದು ಅಪರೂಪ.